ಟ್ರಿಕಲ್ ಬೆಡ್ ಮಾಡೆಲ್‌ನಲ್ಲಿ ನೀರು ಪಕ್ಕಕ್ಕೆ ಹರಡ್ತಾನೇ ಇಲ್ಲ

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ):
ಎಲ್ಲರಿಗೂ ನಮಸ್ಕಾರ. ನನ್ನದು ಟ್ರಿಕಲ್ ಬೆಡ್, ಅಂದರೆ ಗೋಲಿ ತುಂಬಿದ ಕಾಲಂನಲ್ಲಿ ನೀರೂ ಗಾಳಿಯೂ ಮೇಲಿಂದ ಕೆಳಗೆ ಇಳಿಯುವಂಥದ್ದು. 15 ಸೆಂ.ಮೀ. ಅಗಲದ ಅಕ್ರಿಲಿಕ್ ಕಾಲಂ, ಒಳಗೆ 3 ಮಿ.ಮೀ. ಗಾಜಿನ ಗೋಲಿಗಳು. ಮೇಲೆ ನಟ್ಟನಡುವೆ ಒಂದೇ ನಳಿಗೆಯಿಂದ ನೀರು ಬಿಡುತ್ತೇನೆ, ಗಾಳಿಯೂ ಮೇಲಿಂದಲೇ. ತಳದಲ್ಲಿ ಒಂದರ ಸುತ್ತ ಒಂದು ಉಂಗುರದಂಥ ಖಾನೆಗಳಿವೆ. ಹೊರಗಿನ ಖಾನೆಗೂ ಚೆನ್ನಾಗಿಯೇ ನೀರು ಬೀಳುತ್ತದೆ. ಆದರೆ ಫ್ಲೂಯೆಂಟ್‌ನ (ಹರಿವು ಲೆಕ್ಕಹಾಕುವ ಸಾಫ್ಟ್‌ವೇರ್) ಆಯ್ಲರಿಯನ್ ಮಾಡೆಲ್‌ನಲ್ಲಿ (ಗಾಳಿ, ನೀರು ಎರಡೂ ಒಂದರೊಳಗೊಂದು ಬೆರೆತಂತೆ ಲೆಕ್ಕ) ನೀರು ನೆಟ್ಟಗೆ ಕೆಳಗಿಳಿಯುತ್ತದೆ. ಮೆಶ್ (ಲೆಕ್ಕಕ್ಕೆ ಜಾಗವನ್ನು ತುಂಡು ಮಾಡುವ ಬಲೆ) ಸಣ್ಣ ಮಾಡಿದರೆ ಇದ್ದ ಚೂರು ಹರಡುವಿಕೆಯೂ ಮಾಯ! ಎರ್ಗುನ್ ಸಮೀಕರಣದ (ಬೆಡ್‌ನಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದು ಹೇಳುವುದು) 150, 1.75 ಎಂಬ ಸ್ಥಿರಾಂಕಗಳನ್ನು ಬದಲಿಸಿ ನೋಡಲೇ?

ಉತ್ತರ (ರಿಫೈನರಿಯಲ್ಲಿದ್ದವನು, ಈಗ ನಿವೃತ್ತ):
ಅವೆರಡನ್ನೂ ಮುಟ್ಟಬೇಡಿ. ಅವು ಒತ್ತಡದ ಇಳಿಕೆಗೆ ಬೇಕಾದವು, ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ಅವುಗಳದ್ದಲ್ಲ. ಮೆಶ್ ವಿಷಯ ಹೇಳಿದ್ದು ಒಳ್ಳೇದಾಯ್ತು. ಮೊದಲು ಕಂಡ ಹರಡುವಿಕೆ ಬರೀ ಲೆಕ್ಕದ ದೋಷ, ನಿಜವಾದದ್ದಲ್ಲ.

ನಿಮ್ಮ ಮಾಡೆಲ್‌ನಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ. ಒಂದು, ಕ್ಯಾಪಿಲರಿ ಒತ್ತಡ. ಒದ್ದೆ ಜಾಗದಿಂದ ಒಣ ಜಾಗಕ್ಕೆ ನೀರನ್ನು ಎಳೆಯೋದು ಅದೇ. ಗಾಳಿಗೂ ನೀರಿಗೂ ಒಂದೇ ಒತ್ತಡ ಅಂತ ಇಟ್ಟರೆ ಅದು ಸುಮ್ನೆ ಅಳಿಸಿಹೋಗುತ್ತದೆ. ಇನ್ನೊಂದು, ಮೆಕ್ಯಾನಿಕಲ್ ಡಿಸ್ಪರ್ಶನ್. ಇಳಿಯುವ ನೀರಿನ ಎಳೆ ಗೋಲಿಗೆ ತಾಗಿ ಕವಲೊಡೆಯುತ್ತದೆ, ಕೆಳಗಿನ ಗೋಲಿಗೆ ತಾಗಿ ಮತ್ತೆ ಕವಲೊಡೆಯುತ್ತದೆ. ಮಾಡೆಲ್‌ಗೆ ಒಂದೊಂದು ಗೋಲಿ ಕಾಣೋದಿಲ್ಲ, ಅದಕ್ಕೇ ಸಮೀಕರಣದಲ್ಲಿ ಇದನ್ನು ಬೇರೆ ಪದವಾಗಿ ಸೇರಿಸಬೇಕು. 3 ಮಿ.ಮೀ. ಗೋಲಿಗೆ ಕ್ಯಾಪಿಲರಿ ಬಿಟ್ಟರೆ ನಡೆಯೋದೇ ಇಲ್ಲ. ಗೋಲಿ ಬದಲು ದೊಡ್ಡ ಪಾಲ್ ರಿಂಗ್ (ಕಾಲಂಗೆ ತುಂಬುವ ಟೊಳ್ಳು ಉಂಗುರ) ಆಗಿದ್ದರೆ ಎರಡನೆಯದರದ್ದೇ ಆಟ.

ಇನ್ನೊಬ್ಬರು:
ನೀರು ಬಿಡೋ ಮುಂಚೆ ಬೆಡ್ ಪೂರ್ತಿ ನೆನೆಸಿದ್ರಾ? ಒಣ ಬೆಡ್‌ನಲ್ಲಿ ನೀರು ಕೆಲವೇ ಎಳೆಗಳಾಗಿ ಇಳಿಯುತ್ತದೆ. ನೆನೆಸಿದ್ದರೆ ಹರಡೋದು ಜಾಸ್ತಿ.

ವಿದ್ಯಾರ್ಥಿ:
ನೆನೆಸಿ, ಬಸಿದು, ಆಮೇಲೇ ಶುರು ಮಾಡಿದ್ದು. ಸರ್, ಡಿಸ್ಪರ್ಶನ್‌ಗೆ ಯಾವ ಬೆಲೆ ಹಾಕಲಿ?

ನಿವೃತ್ತ:
ಫ್ಲೂಯೆಂಟ್ ಬದಿಗಿಟ್ಟು ಮೊದಲು ಕೈಲೆಕ್ಕ ಮಾಡಿ. 1950ರ ದಶಕದಿಂದಲೂ ಇದನ್ನು ಶಾಖ ಹರಡುವ ಸಮೀಕರಣದಂತೆಯೇ ಬರೆಯುತ್ತಾರೆ. ಸಮಯದ ಜಾಗದಲ್ಲಿ ಬೆಡ್ಡಿನ ಆಳ, ಅಷ್ಟೇ. ಹರಡುವಿಕೆಯ ಗುಣಾಂಕಕ್ಕೆ ಉದ್ದದ ಅಳತೆ, ಮಿ.ಮೀ.ಗಳಲ್ಲಿ ಬರುತ್ತದೆ. ಆಳ ನಾಲ್ಕು ಪಟ್ಟಾದರೆ ನೀರು ಹರಡುವ ಅಗಲ ಎರಡೇ ಪಟ್ಟು. ಮೂರ್ನಾಲ್ಕು ಎತ್ತರಕ್ಕೆ ಗೋಲಿ ತುಂಬಿ ಖಾನೆಗಳ ನೀರು ಅಳೆಯಿರಿ, ಗುಣಾಂಕ ಅಲ್ಲೇ ಸಿಗುತ್ತದೆ. ಅದರಲ್ಲಿ ಕ್ಯಾಪಿಲರಿಯ ಪಾಲೂ ಸೇರಿರುತ್ತದೆ. ಹಾಗಾಗಿ ಇಡಿಯಾಗಿ ಡಿಸ್ಪರ್ಶನ್‌ಗೆ ಹಾಕಿ ಮೇಲೆ ಕ್ಯಾಪಿಲರಿಯನ್ನೂ ಸೇರಿಸಿದರೆ ಒಂದನ್ನೇ ಎರಡು ಸಲ ಎಣಿಸಿದಂತೆ.

ಗೋಡೆ ಮುಟ್ಟಿದ ನೀರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಗೋಡೆಯ ಪಕ್ಕ ಖಾಲಿ ಜಾಗ ಜಾಸ್ತಿ. ಅಲ್ಲಿಗೆ ಹೋದ ನೀರು ವಾಪಸ್ ಬರೋದು ಕಷ್ಟ.