ಸಣ್ಣ ಟ್ರಾವೆಲ್ ಟ್ರೈಲರ್‌ಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ನಿಜವಾಗಿಯೂ ಬೇಕೇ?

ಪಯಣಿಗ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಮಡದಿ ಮತ್ತು ಇಬ್ಬರು ಮಕ್ಕಳು ಯೊಸೆಮಿಟಿ, ಸೆಕ್ವೊಯಾ ಕಡೆಗೆ ಹೋಗಿ ಬರುವುದಕ್ಕೆಂದು ಹದಿನೇಳು ಅಡಿ ಉದ್ದದ, ಒಂದೇ ಆಕ್ಸಲ್ ಇರುವ ಟ್ರಾವೆಲ್ ಟ್ರೈಲರ್ ಒಂದನ್ನು ಕೊಳ್ಳುವ ಮಾತು ಹೆಚ್ಚುಕಡಿಮೆ ಮುಗಿದಿದೆ. ಅದರ ಖಾಲಿ ತೂಕ 2,750 ಪೌಂಡ್, ಸಾಮಾನು ತುಂಬಿದ ಮೇಲಿನ ಗರಿಷ್ಠ ತೂಕ 3,700 ಪೌಂಡ್, ಟಂಗ್ ವೇಟ್ (ಟ್ರೈಲರಿನ ಮುಂಚಾಚು, ಅಂದರೆ ಟಂಗ್, ಕಾರಿನ ಹಿಂಬದಿಯ ಮೇಲೆ ಹೇರುವ ಭಾರ) 310 ಪೌಂಡ್ ಎಂದು ತಯಾರಕರ ಮಾಹಿತಿ ಹಾಳೆಯಲ್ಲಿದೆ. ಎಳೆಯುವ ಗಾಡಿ 2019ರ ಹೋಂಡಾ ಪೈಲಟ್, ಆಲ್ ವ್ಹೀಲ್ ಡ್ರೈವ್. ಎಳೆಯುವ ಮಿತಿ 5,000 ಪೌಂಡ್, ಟಂಗ್ ವೇಟ್‌ನ ಮಿತಿ 500 ಪೌಂಡ್.

ಟ್ರೈಲರ್ ಮಾರುವವರು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೈಲರಿನ ಭಾರವನ್ನು ಆಕ್ಸಲ್‌ಗಳ ನಡುವೆ ಹಂಚುವ ಕೊಂಡಿ) ಇಲ್ಲದೆ ಹೆದ್ದಾರಿಗೆ ಇಳಿಯುವುದೇ ಅಪಾಯವೆಂದೂ, ಅದನ್ನು ಹಾಕಿಸಿದರೆ ಹಿಚ್ ಮೇಲಿನ ಭಾರ ಕಡಿಮೆಯಾಗುತ್ತದೆಂದೂ ಹೇಳುತ್ತಿದ್ದಾರೆ. ಇದೇ ಕಾರಿರುವ ಸ್ನೇಹಿತರೊಬ್ಬರು ಅದನ್ನು ಹಾಕಿಸಲೇಬಾರದು ಎನ್ನುತ್ತಾರೆ. ಖರ್ಚು ನನಗೆ ಮುಖ್ಯವಲ್ಲ. ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತಿ ಇಳಿಯುವ ಗಾಡಿಯ ವಿಷಯ ಇದು. ಯಾವ ಆಧಾರದ ಮೇಲೆ ತೀರ್ಮಾನ ಮಾಡಬೇಕೆಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ತುಂಗಾತೀರ (ಸ್ಯಾಕ್ರಮೆಂಟೊ)

ನಮಸ್ಕಾರ ಪಯಣಿಗ ಅವರೇ. ಮಾರುವವರನ್ನೂ ಸ್ನೇಹಿತರನ್ನೂ ಸದ್ಯಕ್ಕೆ ಬದಿಗಿಟ್ಟು, ಕಾರಿನ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಟ್ರೈಲರ್ ಎಳೆಯುವ ಭಾಗವನ್ನು ಮೊದಲು ಓದಿ. ಸರಿಯಾಗಿ ಹೊಂದಿಸದ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನಿಂದ ಗಾಡಿಯ ಹಿಡಿತ, ಸ್ಥಿರತೆ ಮತ್ತು ಬ್ರೇಕಿನ ಶಕ್ತಿ ಕುಗ್ಗಬಹುದೆಂಬ ಕಾರಣ ಕೊಟ್ಟು, ಆ ತಲೆಮಾರಿನ ಪೈಲಟ್‌ಗೆ ಹೋಂಡಾ ಅದನ್ನು ಶಿಫಾರಸು ಮಾಡುವುದಿಲ್ಲ. ಅದೇ ಭಾಗದಲ್ಲಿ, ಕಾರಿನೊಳಗೆ ಕೂರುವ ಜನ ಹೆಚ್ಚಾದಂತೆ ಎಳೆಯಬಹುದಾದ ತೂಕ ಇಳಿಯುತ್ತಾ ಹೋಗುವ ಪಟ್ಟಿಯೂ ಇದೆ. ನೀವು ನಾಲ್ವರು ಎಂಬುದನ್ನು ಆ ಪಟ್ಟಿಯ ಜೊತೆ ಹೋಲಿಸಿ ನೋಡಿ; ಜಾಹೀರಾತಿನ 5,000 ಪೌಂಡ್ ನಿಮಗೆ ಪೂರ್ತಿ ಸಿಗದಿರಬಹುದು.

ಇನ್ನು ಈ ಹಿಚ್ ಮಾಡುವ ಕೆಲಸವೇನು ಎಂಬುದು. ಎತ್ತಿನ ಗಾಡಿಯ ಹಿಂಬದಿಗೆ ಮೂಟೆ ಹೆಚ್ಚಾದಾಗ ನೊಗ ಮೇಲೇಳುತ್ತದಲ್ಲ, ಕಾರಿನಲ್ಲಿ ಆಗುವುದೂ ಅದೇ. ಟ್ರೈಲರಿನ ಟಂಗ್ ಕೂರುವ ಉಕ್ಕಿನ ಗುಂಡು, ಅಂದರೆ ಬಾಲ್, ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅದರ ಮೇಲೆ ಕೂತ ಭಾರ ಹಿಂದಿನ ಚಕ್ರಗಳನ್ನು ಒತ್ತುವುದರ ಜೊತೆಗೆ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ಸ್ಟೀರಿಂಗ್ ತಿರುಗಿಸುವ ಚಕ್ರಗಳು ಅವೇ, ಬ್ರೇಕಿನ ಹೆಚ್ಚಿನ ಪಾಲನ್ನು ಹೊರುವ ಚಕ್ರಗಳೂ ಅವೇ, ಆದ್ದರಿಂದಲೇ ಇದು ಯೋಚಿಸಬೇಕಾದ ಸಂಗತಿ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನಲ್ಲಿರುವ ಎರಡು ಸ್ಪ್ರಿಂಗ್ ಬಾರ್‌ಗಳನ್ನು ಟ್ರೈಲರಿನ ಚೌಕಟ್ಟಿಗೆ ಬಿಗಿದು ಎಳೆದಾಗ, ಹಿಂದಿನ ಆಕ್ಸಲ್ ಮೇಲೆ ಬಿದ್ದ ಭಾರದ ಒಂದಂಶ ಕಾರಿನ ಮುಂದಿನ ಆಕ್ಸಲ್‌ಗೆ ಮರಳುತ್ತದೆ, ಇನ್ನೊಂದಂಶ ಟ್ರೈಲರಿನ ಆಕ್ಸಲ್‌ಗೆ ಹೋಗುತ್ತದೆ. ಟ್ರೈಲರಿನ ಟಂಗ್ ವೇಟ್ ಇದರಿಂದ ಕಡಿಮೆಯಾಗುವುದಿಲ್ಲ, ಕಾರಿನ ಎಳೆಯುವ ಮಿತಿ ಹೆಚ್ಚುವುದೂ ಇಲ್ಲ. ಬದಲಿಗೆ ಆ ಹಿಚ್‌ನ ಕಬ್ಬಿಣದ ತೂಕವೇ ನಿಮ್ಮ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ನಿಮ್ಮ ಕಾರಿಗೆ ಲೆಕ್ಕ ಹಾಕೋಣ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ 111 ಇಂಚು. ಹಿಂದಿನ ಆಕ್ಸಲ್‌ನಿಂದ ಬಾಲ್‌ವರೆಗೆ ಸುಮಾರು 52 ಇಂಚು ಎಂದಿಟ್ಟುಕೊಳ್ಳೋಣ, ನೀವು ಟೇಪ್ ಹಿಡಿದು ಅಳೆಯಿರಿ. ಮಾಹಿತಿ ಹಾಳೆಯ 310 ಪೌಂಡನ್ನು ಮಾತ್ರ ನಂಬಬೇಡಿ. ಅದು ಸಾಮಾನ್ಯವಾಗಿ ಬ್ಯಾಟರಿಯಾಗಲಿ ಪ್ರೊಪೇನ್ ಆಗಲಿ ಇಲ್ಲದ ತೂಕ, ಮತ್ತು ಇವೆರಡೂ ಕೂರುವುದು ಟಂಗ್ ಮೇಲೆಯೇ. 20 ಪೌಂಡ್ ಅನಿಲದ ಸಿಲಿಂಡರ್ ತುಂಬಿದಾಗ ಸುಮಾರು 37 ಪೌಂಡ್ ತೂಗುತ್ತದೆ. ಅಂಥವು ಎರಡು, ಜೊತೆಗೆ ಐವತ್ತು ಪೌಂಡಿನ ಒಂದು ಬ್ಯಾಟರಿ ಎಂದರೆ ನೀವು ಒಂದು ಪಾತ್ರೆಯನ್ನೂ ಒಳಗಿಡುವ ಮೊದಲೇ ಟಂಗ್ ವೇಟ್ 435ರ ಹತ್ತಿರ ಬಂದಿರುತ್ತದೆ. 435 ಅನ್ನು 52ರಿಂದ ಗುಣಿಸಿ 111ರಿಂದ ಭಾಗಿಸಿದರೆ ಸುಮಾರು 204: ಮುಂದಿನ ಆಕ್ಸಲ್ ಅಷ್ಟು ಪೌಂಡ್ ಕಳೆದುಕೊಳ್ಳುತ್ತದೆ, ಹಿಂದಿನದು 640ರಷ್ಟು ಪಡೆಯುತ್ತದೆ. ಹಿಂದಿನ ಆಕ್ಸಲ್‌ನ ಮಿತಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಮೀರಬಾರದ ಮಿತಿಗಳಲ್ಲಿ ಅದೂ ಒಂದು.

ನನ್ನ ಅಭಿಪ್ರಾಯದಲ್ಲಿ ಈ ತೂಕಕ್ಕೆ ನಿಮ್ಮ ಕಾರಿನಲ್ಲಿ ಆ ಹಿಚ್ ಬೇಡ. ಆದರೆ ನನ್ನ ಅಭಿಪ್ರಾಯಕ್ಕಿಂತ ಲಾರಿ ತೂಗುವ ಕ್ಯಾಟ್ ಸ್ಕೇಲ್‌ನ ಚೀಟಿ ನಂಬಿಕೆಗೆ ಅರ್ಹ. ಕುಟುಂಬ ಸಮೇತ ಕಾರನ್ನು ಮಾತ್ರ ಒಮ್ಮೆ, ಟ್ರೈಲರ್ ಕಟ್ಟಿಕೊಂಡು ಇನ್ನೊಮ್ಮೆ ತೂಗಿಸಿ.

ಹೊಯ್ಸಳನಾಡು (ಆಸ್ಟಿನ್, ಟೆಕ್ಸಾಸ್)

ತುಂಗಾತೀರ ಅವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಇದನ್ನು ಓದಿದ ಬೇರೆಯವರು ಸಣ್ಣ ಟ್ರೈಲರ್‌ಗೆ ಈ ಹಿಚ್ ಎಂದೂ ಬೇಡ ಎಂದುಕೊಳ್ಳಬಾರದೆಂದು ಇನ್ನೊಂದು ಬದಿಯನ್ನೂ ಹೇಳುತ್ತೇನೆ. ನನ್ನ ಗಾಡಿ 2018ರ ಫೋರ್ಡ್ ಎಫ್-150. ಅದರ ರಿಸೀವರ್ (ಗಾಡಿಯ ಹಿಂದೆ ಹಿಚ್ ಸಿಕ್ಕಿಸುವ ಕೊಳವೆ) ಮೇಲಿನ ಚೀಟಿಯ ಪ್ರಕಾರ ವೇಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ 5,000 ಪೌಂಡ್ ಟ್ರೈಲರ್ ಮತ್ತು 500 ಪೌಂಡ್ ಟಂಗ್ ವೇಟ್, ಅದಕ್ಕಿಂತ ಹೆಚ್ಚಿನದಕ್ಕೆ ಅದು ಕಡ್ಡಾಯ. ನಮ್ಮ ಟ್ರೈಲರ್ ತುಂಬಿದಾಗ 4,500 ಪೌಂಡ್. ಟ್ರೈಲರ್ ತೂಕದ ಮಿತಿಯೊಳಗೇ ಇದ್ದರೂ ಟಂಗ್ ವೇಟ್ 560 ಆದ್ದರಿಂದ ನಮಗೆ ಆ ಹಿಚ್ ಬೇಕೇ ಬೇಕಾಯಿತು. ಎರಡು ಮಿತಿಗಳಲ್ಲಿ ಯಾವುದು ಮೊದಲು ಮುಟ್ಟುತ್ತದೋ ಅದೇ ತೀರ್ಮಾನ ಕೊಡುತ್ತದೆ.

ಪಿಕಪ್‌ಗಳಿಗೆ ಒಪ್ಪುವುದು ಪೈಲಟ್‌ನಂಥ ಗಾಡಿಗೆ ಏಕೆ ಒಪ್ಪುವುದಿಲ್ಲ ಎಂಬುದಕ್ಕೂ ಕಾರಣವಿದೆ. ಪಿಕಪ್‌ನಲ್ಲಿ ರಿಸೀವರ್ ಕೂರುವುದು ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿನ ಮೇಲೆ. ದೇಹವೂ ಚೌಕಟ್ಟೂ ಒಂದೇ ಆಗಿರುವ ಕಾರುಗಳಲ್ಲಿ ಸ್ಪ್ರಿಂಗ್ ಬಾರ್‌ಗಳು ಒಡ್ಡುವ ತಿರುಚುವ ಬಲವನ್ನು ಆ ದೇಹದ ಹಿಂಭಾಗವೇ ತಡೆದುಕೊಳ್ಳಬೇಕು. ಬಾರ್‌ಗಳನ್ನು ಅತಿಯಾಗಿ ಬಿಗಿದರೆ ಮುಂದಿನ ಚಕ್ರಗಳು ಭಾರವಾಗಿ ಹಿಂದಿನವು ಹಗುರಾಗುತ್ತವೆ. ಆಗ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರುವ ಸಂಭವ ಹೆಚ್ಚು, ಮತ್ತು ಇದು ಮುಂಭಾಗ ಸ್ವಲ್ಪ ಹಗುರಾಗಿರುವುದಕ್ಕಿಂತ ಕೆಟ್ಟ ಸ್ಥಿತಿ. ಮುಂಭಾಗದ ಎತ್ತರವನ್ನು ಮೊದಲಿದ್ದಷ್ಟಕ್ಕೇ ಪೂರ್ತಿ ತರಬೇಕೆಂದು ಹಿಂದೆ ಹೇಳುತ್ತಿದ್ದರು. ಈಗ ಪಿಕಪ್ ತಯಾರಕರಲ್ಲೂ ಹಲವರು ಏರಿದ ಎತ್ತರದ ಅರ್ಧದಷ್ಟನ್ನು ಮಾತ್ರ ಇಳಿಸಿದರೆ ಸಾಕೆನ್ನುತ್ತಾರೆ. ಟ್ರೈಲರ್ ತಯಾರಕರನ್ನೂ ಒಂದು ಮಾತು ಕೇಳಬೇಕು. ಹಗುರವಾದ ಟ್ರೈಲರ್‌ಗಳ ಟಂಗ್‌ನ ಉಕ್ಕು ತೆಳುವಾಗಿದ್ದರೆ ಬಾರ್‌ಗಳ ಎಳೆತವನ್ನು ಅದು ತಾಳಬೇಕಲ್ಲವೇ?

ಮಲೆನಾಡಿಗ (ಟ್ರೇಸಿ, ಕ್ಯಾಲಿಫೋರ್ನಿಯಾ)

ನೀವು ಹೋಗಲಿರುವ ದಾರಿಯಲ್ಲೇ ನನ್ನ ವಾಸ, ಆದ್ದರಿಂದ ದಾರಿಯ ಬಗ್ಗೆ ಹೇಳುತ್ತೇನೆ. 580ನೇ ಹೆದ್ದಾರಿಯಲ್ಲಿ ಆಲ್ಟಮಾಂಟ್ ಕಣಿವೆ ದಾಟುವಾಗ ಅಡ್ಡಗಾಳಿ ಜೋರಾಗಿರುತ್ತದೆ. ಅಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಅದಕ್ಕಾಗಿ. ಇಂಥ ಜಾಗದಲ್ಲಿ ಟ್ರೈಲರ್ ಬಾಲದಂತೆ ಆಡತೊಡಗುವುದನ್ನೇ ಸ್ವೇ ಎನ್ನುವುದು, ಮತ್ತು ಭಾರ ಹಂಚುವ ಪ್ರಶ್ನೆಯೂ ಸ್ವೇ ತಡೆಯುವ ಪ್ರಶ್ನೆಯೂ ಬೇರೆಬೇರೆ. ಕೆಲವು ಹಿಚ್‌ಗಳಲ್ಲಿ ಎರಡೂ ಸೇರಿಕೊಂಡಿರುವುದರಿಂದ ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಸ್ವೇಗೆ ಬಹುಮುಖ್ಯ ಮದ್ದು ಟ್ರೈಲರಿನ ಒಳಗೇ ಇದೆ. ಟಂಗ್ ವೇಟ್ ಟ್ರೈಲರಿನ ತುಂಬಿದ ತೂಕದ 10ರಿಂದ 15 ಶೇಕಡಾದೊಳಗೆ ಇರಬೇಕು. ಹಿಚ್ ಮೇಲಿನ ಹೊರೆ ಇಳಿಸಬೇಕೆಂದು ಭಾರದ ಸಾಮಾನನ್ನೆಲ್ಲ ಹಿಂದಿನ ಗೋಡೆಗೆ ಒತ್ತಿ ಇಡುವವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಟಂಗ್ ವೇಟ್ ಹತ್ತಕ್ಕಿಂತ ಕೆಳಗಿಳಿದರೆ ಯಾವ ದುಬಾರಿ ಉಪಕರಣವನ್ನೂ ನಂಬಿಕೊಳ್ಳುವಂತಿಲ್ಲ. ಭಾರವಾದುದು ಆಕ್ಸಲ್‌ನ ನೇರ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ, ನೆಲಕ್ಕೆ ಹತ್ತಿರವಾಗಿ ಇರಲಿ. ನೀರಿನ ತೊಟ್ಟಿ ಎಲ್ಲಿದೆ ನೋಡಿಕೊಳ್ಳಿ. ಒಂದು ಗ್ಯಾಲನ್ ನೀರು 8.3 ಪೌಂಡ್, ಮೂವತ್ತು ಗ್ಯಾಲನ್ ಎಂದರೆ 250 ಪೌಂಡ್. ತೊಟ್ಟಿ ಆಕ್ಸಲ್‌ನ ಮುಂದಿದ್ದರೆ ಟಂಗ್ ವೇಟ್ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ.

ಖರ್ಚು ಮಾಡುವುದಾದರೆ ಮೊದಲು ಟ್ರೈಲರಿನ ಬ್ರೇಕನ್ನು ಕಾರಿನೊಳಗಿಂದ ನಿಯಂತ್ರಿಸುವ ಒಳ್ಳೆಯ ಬ್ರೇಕ್ ಕಂಟ್ರೋಲರ್‌ಗೆ ಮಾಡಿ. ಟ್ರೈಲರ್ ಆಡಲು ತೊಡಗಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗನ್ನು ಅತ್ತಿತ್ತ ತಿರುಗಿಸದೆ ನೇರ ಹಿಡಿದು, ಕಂಟ್ರೋಲರ್‌ನ ಗುಂಡಿಯಿಂದ ಟ್ರೈಲರಿನ ಬ್ರೇಕನ್ನು ಮಾತ್ರ ಒತ್ತಬೇಕು. ಕಾರಿನ ಬ್ರೇಕನ್ನು ಗಾಬರಿಯಿಂದ ತುಳಿಯಬಾರದು. ಟ್ರೈಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿ. ಪಕ್ಕದಲ್ಲಿ ಎಲ್ಲರೂ ಹಾಯ್ದು ಹೋದರೂ ಅದನ್ನು ಮೀರಬೇಡಿ, ಸ್ವೇ ವೇಗದ ಜೊತೆಗೇ ಬೆಳೆಯುತ್ತದೆ. 120ನೇ ರಸ್ತೆಯಲ್ಲಿ ಓಲ್ಡ್ ಪ್ರೀಸ್ಟ್ ಗ್ರೇಡ್ ಬಿಟ್ಟು ನ್ಯೂ ಪ್ರೀಸ್ಟ್ ಗ್ರೇಡ್ ಹಿಡಿಯಿರಿ. ಹಳೆಯ ದಾರಿ ಹತ್ತಿರವಾದರೂ ಆ ಕಡಿದಾದ ಏರು ಟ್ರೈಲರ್‌ಗೆ ಹೇಳಿದ್ದಲ್ಲ.

ಪಯಣಿಗ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಟ್ರೈಲರ್ ಮನೆಗೆ ಬಂದಿದೆ. ಸಾಧಾರಣ ಬಾಲ್ ಮೌಂಟ್ (ಬಾಲ್ ಕೂರುವ ಉಕ್ಕಿನ ತೋಳು) ಹಾಕಿಸಿ, ಪ್ರವಾಸಕ್ಕೆ ಬೇಕಾದಷ್ಟು ಸಾಮಾನು ತುಂಬಿ, ನೀರಿನ ತೊಟ್ಟಿಯನ್ನು ಖಾಲಿ ಇಟ್ಟುಕೊಂಡು ಕ್ಯಾಟ್ ಸ್ಕೇಲ್‌ನಲ್ಲಿ ತೂಗಿಸಿದೆ. ನಾವು ನಾಲ್ವರು ಕೂತ ಕಾರು ಮಾತ್ರ ಇದ್ದಾಗ ಮುಂದಿನ ಆಕ್ಸಲ್ 2,500, ಹಿಂದಿನದು 2,220 ಪೌಂಡ್. ಟ್ರೈಲರ್ ಕಟ್ಟಿದಾಗ ಮುಂದೆ 2,300, ಹಿಂದೆ 2,860, ಟ್ರೈಲರಿನ ಆಕ್ಸಲ್ ಮೇಲೆ 3,020. ಅಂದರೆ ಟಂಗ್ ವೇಟ್ 440, ಟ್ರೈಲರಿನ ಒಟ್ಟು ತೂಕ 3,460, ಹಾಗಾಗಿ ಶೇಕಡಾ 12.7. ಮುಂದಿನ ಆಕ್ಸಲ್ ಕಳೆದುಕೊಂಡದ್ದು 200 ಪೌಂಡ್, ತುಂಗಾತೀರ ಅವರು ಕಾಗದದ ಮೇಲೆ ಹೇಳಿದಷ್ಟೇ. ಬಾಗಿಲ ಚೀಟಿಯ ಮಿತಿಗಳೂ ಮ್ಯಾನ್ಯುಯಲ್‌ನ ಪಟ್ಟಿಯೂ ಎಲ್ಲಿಯೂ ಮೀರಿಲ್ಲ.

ಆಮೇಲೆ ಮುಂದಿನ ಪೆಟ್ಟಿಗೆಯಲ್ಲಿದ್ದ ಉಪಕರಣಗಳನ್ನೂ ಅಕ್ಕಿ, ಬೇಳೆ ಡಬ್ಬಿಗಳನ್ನೂ ಆಕ್ಸಲ್‌ನ ಮೇಲಿನ ಕಪಾಟಿಗೆ ತಂದು, ಎರಡು ಇಂಚು ಗಿಡ್ಡದಾದ ಬಾಲ್ ಮೌಂಟ್ ಹಾಕಿ ಮತ್ತೆ ತೂಗಿಸಿದಾಗ ಮುಂದೆ 2,320, ಹಿಂದೆ 2,800 ಬಂತು. ಟಂಗ್ ವೇಟ್ 400, ಶೇಕಡಾ ಹನ್ನೊಂದೂವರೆ. ಇಲ್ಲಿಂದ ಇನ್ನೂ ಇಳಿಸುವ ಯೋಚನೆ ನನಗಿಲ್ಲ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಕೊಂಡಿಲ್ಲ. ಆ ಹಣ ಬ್ರೇಕ್ ಕಂಟ್ರೋಲರ್‌ಗೆ ಹೋಯಿತು. ಆದರೆ ನಮ್ಮ ಟ್ರೈಲರ್‌ನಲ್ಲಿ ನೀರಿನ ತೊಟ್ಟಿ ಆಕ್ಸಲ್‌ನ ಮುಂದಿದೆ. ಅದನ್ನು ತುಂಬಿಸಿಕೊಂಡು ಹೋಗಬೇಕಾದ ಪ್ರಸಂಗ ಬಂದರೆ 500ರ ಮಿತಿ ಎಷ್ಟು ಹತ್ತಿರವಾಗುತ್ತದೆ ಎಂಬುದನ್ನು ಇನ್ನೂ ನೋಡಬೇಕು.

ತುಂಗಾತೀರ (ಸ್ಯಾಕ್ರಮೆಂಟೊ)

ಬಹಳ ಸಂತೋಷವಾಯಿತು. ತೊಟ್ಟಿಯ ಮಧ್ಯಭಾಗದಿಂದ ಆಕ್ಸಲ್‌ಗಿರುವ ದೂರವನ್ನು ಬಾಲ್‌ನಿಂದ ಆಕ್ಸಲ್‌ಗಿರುವ ದೂರದಿಂದ ಭಾಗಿಸಿ, ನೀರಿನ ತೂಕದಿಂದ ಗುಣಿಸಿದರೆ ಟಂಗ್ ಮೇಲೆ ಹೆಚ್ಚುವ ಭಾರ ಸಿಗುತ್ತದೆ. ತೊಟ್ಟಿ ಮೂರು ಅಡಿ ಮುಂದಿದ್ದು ಬಾಲ್ ಹನ್ನೆರಡು ಅಡಿ ದೂರವಿದ್ದರೆ 250ರಲ್ಲಿ ಕಾಲುಭಾಗ, ಅಂದರೆ ಸುಮಾರು 62 ಪೌಂಡ್. 462ಕ್ಕೆ ನಿಲ್ಲುತ್ತದೆ. ಆದರೆ ಒಟ್ಟು ತೂಕ 3,710 ಆಗಿ ಟ್ರೈಲರಿನ 3,700ರ ಮಿತಿ ಮೀರುತ್ತದೆ, ಆದ್ದರಿಂದ ದಾರಿಗೆ ಬೇಕಾದ ನಾಲ್ಕೈದು ಗ್ಯಾಲನ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ತುಂಬಿಸಿಕೊಳ್ಳಿ.