ಅಪ್‌ಡೇಟ್: ಕಬಡ್ಡಿ ಬೇಡ ಅನ್ನುವ ಮಗ

ಆಟದ ಪಿರಿಯಡ್ ಇದ್ದ ದಿನ ಹೊಟ್ಟೆನೋವು ಅನ್ನುವ ಎಂಟನೇ ಕ್ಲಾಸಿನ ಮಗನಿಗೆ ಏನು ಮಾಡಲಿ ಅಂತ ವಿಜಯಪುರದಿಂದ ಇಲ್ಲಿ ಹಿಂದೆ ಕೇಳಿದ್ದೆ.

"ಯಾಕ ಆಡಂಗಿಲ್ಲ?" ಅಂತ ಎದುರು ಕೂರಿಸಿ ಕೇಳಿದರೆ ಹುಡುಗರು ಬಾಯಿ ಬಿಡೋದಿಲ್ಲ. ಗಾಡಿ ಮೇಲೆ ಹೋಗುವಾಗ "ಯಾವಾಗ ಭಾಳ ಬ್ಯಾಸರ ಆಗತೈತಿ ತಮ್ಮಾ?" ಅಂದು ಸುಮ್ಮನಿರಬೇಕು. ಹಾಗೆ ಕೇಳಿದಾಗ ಗೊತ್ತಾಯಿತು, ಅವನ ತೊಂದರೆ ಆಟದ್ದಲ್ಲ, ಟೀಮ್ ಆರಿಸುವಾಗ ಕೊನೆಗೆ ಉಳಿಯೋದು. ಪಿಟಿ ಸರ್ ಹತ್ರ ಕೇಳಿದ್ದು ಇಷ್ಟೇ: ಕ್ಯಾಪ್ಟನ್ ಆರಿಸುವುದು ಬೇಡ, ಸಾಲಾಗಿ ನಿಲ್ಲಿಸಿ ಒಂದು-ಎರಡು ಎಣಿಸಿ ಭಾಗ ಮಾಡಿ. ಮಗನ ಹೆಸರು ಹೇಳಿ ರಿಯಾಯಿತಿ ಕೇಳಿದರೆ ಚುಡಾಯಿಸೋದು ಹೆಚ್ಚುತ್ತದೆ.

ಸ್ಕೋರ್ ಬರೆಯೋದು ಈಗ ಅವನದು. ಎದುರು ಟೀಮಿನಲ್ಲಿ 6 ಮಂದಿಗಿಂತ ಕಡಿಮೆ ಇದ್ದರೆ ರೈಡರ್‌ಗೆ ಬೋನಸ್ ಗೆರೆ ದಾಟಿದ ಪಾಯಿಂಟ್ ಇಲ್ಲ ಅನ್ನೋದನ್ನು ಅವನೇ ಹೇಳುತ್ತಾನೆ. ಆದರೂ ಮೈ ಅಲುಗಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಅನ್ನುತ್ತದೆ. ಸಂಜೆ ಊರಿನ ಇಬ್ರಾಹಿಂ ರೋಜಾ ಸ್ಮಾರಕದ ತನಕ ಸೈಕಲ್, ಪೈಪೋಟಿ ಇಲ್ಲದೆ. ಹೊಟ್ಟೆನೋವು ರಜೆಯಲ್ಲೂ ಬಂದರೆ ಡಾಕ್ಟರಿಗೆ ತೋರಿಸಲೇಬೇಕು.