ಬೇಸ್‌ಮೆಂಟಿನಲ್ಲಿ 8 ಅಡಿಯ ಅಕ್ವೇರಿಯಂ: ಯಾವ ಕೆಲಸ ಮೊದಲು?

ಹೊಳೆಮೀನು_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ಬೇಸ್‌ಮೆಂಟ್ ರಸ್ತೆಗಿಂತ 5 ಅಡಿ ಕೆಳಗಿದೆ. ಅಲ್ಲಿನ 12x15 ಅಡಿಯ ಕೋಣೆಯಲ್ಲಿ (ಎತ್ತರ 9 ಅಡಿ) 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಸಿಹಿನೀರಿನ ಟ್ಯಾಂಕ್ ಮಾಡಿಸಬೇಕೆಂದಿದ್ದೇನೆ. ಮಿಸ್ ಕೇರಳ ಮೀನಿನ ಗುಂಪು, ಹೊಳೆಗಲ್ಲು, ಜೋರಾದ ಹರಿವು. ಟ್ಯಾಂಕಿನ ಕೆಳಗೆ 4 ಅಡಿಯ ಫಿಲ್ಟರ್ ಸಂಪ್ (ಟ್ಯಾಂಕಿನ ನೀರು ಇಳಿದು ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುವ ತೊಟ್ಟಿ).

ಒಂದು ಗೋಡೆ ನೆಲದಿಂದ ಎರಡು ಅಡಿವರೆಗೆ ಬಣ್ಣ ಉಬ್ಬಿ ಉಪ್ಪು ಬಿಟ್ಟಿದೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮೂಲೆಯ ಫ್ಲೋರ್ ಟ್ರ್ಯಾಪ್ (ನೆಲದ ನೀರು ಹೋಗುವ ತೂತು) ನೇರ ಯುಜಿಡಿಗೆ, ಅಂದರೆ ರಸ್ತೆಯ ಒಳಚರಂಡಿಗೆ ಸೇರುತ್ತದೆ. ನೆಲ ಈ ಭಾರ ತಡೆಯುತ್ತದೆಯೇ? ಮೊದಲು ಯಾವ ಕೆಲಸ ಹಿಡಿಯಲಿ?

ಸಿವಿಲ್_ಮೈಸೂರು

ಸರ್, ಮೊದಲು ಭಾರದ ಲೆಕ್ಕ. ಹೊರ ಅಳತೆಯಲ್ಲಿ 1,400 ಲೀಟರ್ ಬಂದರೂ ಗಾಜಿನ ದಪ್ಪ ಮತ್ತು ಮೇಲೆ ಬಿಡುವ ಎರಡಿಂಚು ಕಳೆದರೆ ನೀರು ಸುಮಾರು 1,200 ಲೀಟರ್. 19 ಎಂಎಂ ಗಾಜೇ 300 ಕೆಜಿ ದಾಟುತ್ತದೆ. ಕಲ್ಲು, ಮರಳು, ಸ್ಟ್ಯಾಂಡ್, ಸಂಪ್ ಸೇರಿದರೆ ಎರಡು ಟನ್ನಿನ ಆಸುಪಾಸು, ಅಂದರೆ ಚದರಡಿಗೆ 100 ಕೆಜಿ. ವಾಸದ ಮನೆಯ ಸ್ಲ್ಯಾಬ್‌ಗೆ ಡಿಸೈನಿನಲ್ಲಿ ಹಿಡಿಯುವ ಲೈವ್ ಲೋಡ್ (ಜನ, ಸಾಮಾನುಗಳ ಭಾರ) ಚದರ ಮೀಟರಿಗೆ 200 ಕೆಜಿ, ಚದರಡಿಗೆ 19 ಕೆಜಿಯೂ ಆಗುವುದಿಲ್ಲ. ಹಾಗಾಗಿ ಮೇಲಿನ ಮಹಡಿಯಲ್ಲಾದರೆ ಬೇಡ ಎನ್ನುತ್ತಿದ್ದೆ. ಮಣ್ಣಿನ ಮೇಲೆ ಕೂತ ಕಾಂಕ್ರೀಟ್ ನೆಲವಾದರೆ ತೊಂದರೆಯಿಲ್ಲ. ಆದರೆ ಕೋಣೆಯ ಕೆಳಗೆ ಕಾವೇರಿ ನೀರಿನ ಸಂಪ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಅದರ ಮುಚ್ಚು ಸ್ಲ್ಯಾಬಿನ ಮೇಲೆ ಟ್ಯಾಂಕ್ ಕೂಡಿಸಬಾರದು.

ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಸ್ಟ್ಯಾಂಡಿನ ಕಾಲು ಬಿದ್ದರೆ ಟೈಲ್ ಒಡೆದು ಟ್ಯಾಂಕ್ ಒಂದು ಕಡೆಗೆ ವಾಲುತ್ತದೆ. ಟ್ಯಾಂಕಿನ ಜಾಗದ ಟೈಲ್ಸ್ ಕಿತ್ತು ಕಾಂಕ್ರೀಟ್ ಹಾಕಿ ಮಟ್ಟ ಮಾಡಿಸುವುದೇ ಒಳ್ಳೆಯದು.

ಇನ್ನು ಉಪ್ಪು ಬಿಟ್ಟ ಗೋಡೆ. ಪುಟ್ಟಿ ಹೊಡೆದು ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ, ಏಕೆಂದರೆ ನೀರು ಹಿಂದಿನಿಂದ ತಳ್ಳುತ್ತಿದೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ಸೀಪೇಜ್ (ಗೋಡೆಯೊಳಗಿಂದ ಒಸರುವ ನೀರು), ಕೋಣೆಯ ಬದಿಯಲ್ಲಿ ಕಂಡರೆ ಗಾಳಿಯ ತೇವ. ಮಾರ್ಚ್–ಏಪ್ರಿಲ್‌ನಲ್ಲೂ ಗೋಡೆ ಒಣಗದಿದ್ದರೆ ಮಳೆಯನ್ನು ದೂರಬೇಡಿ. ಪಕ್ಕದ ನೀರಿನ ಸಂಪ್ ಅಥವಾ ಪೈಪ್ ಸೋರುತ್ತಿರುತ್ತದೆ. ಗೋಡೆಯ ಹೊರಗೆ ಹೂವಿನ ಪಾತಿ, ಮಳೆನೀರಿನ ಪೈಪಿನ ಬಾಯಿ ಇದ್ದರೆ ಮೊದಲು ದೂರ ಸರಿಸಿ.

ಆರ್‌ಸಿಸಿ ಗೋಡೆಯಾದರೆ ಒಳಗಿನಿಂದ ಪ್ಲಾಸ್ಟರ್ ಕೆತ್ತಿ, ಕಾಂಕ್ರೀಟನ್ನು ಒದ್ದೆ ಮಾಡಿ ಕ್ರಿಸ್ಟಲೈನ್ ವಾಟರ್‌ಪ್ರೂಫಿಂಗ್ (ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ನೀರು ತಡೆಯುವ ಲೇಪ) ಎರಡು ಕೋಟ್ ಕೊಡಬಹುದು. ಸೈಜುಗಲ್ಲು ಅಥವಾ ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಸಂದುಗಳೇ ನೀರಿನ ದಾರಿ, ಹಾಗಾಗಿ ಒಳಗಿನ ಲೇಪ ಸಾಲದು. ಸೆಟ್‌ಬ್ಯಾಕಿನಲ್ಲಿ (ಮನೆಯ ಸುತ್ತ ಬಿಟ್ಟ ಖಾಲಿ ಜಾಗ) ಮಣ್ಣು ತೆಗೆದು ಹೊರಗಿನಿಂದಲೇ ಮಾಡಿಸಿ. ಗೋಡೆ ಚೆಂದ ಕಾಣಲೆಂದು ಜಿಪ್ಸಂ ಬೋರ್ಡ್, ಎಂಡಿಎಫ್ ಹಾಕಿಸಬೇಡಿ. ಸಿಮೆಂಟ್ ಬೋರ್ಡ್ ಇರಲಿ.

ನನ್ನ ದೊಡ್ಡ ಚಿಂತೆ ಆ ಫ್ಲೋರ್ ಟ್ರ್ಯಾಪ್. ಜೋರು ಮಳೆಗೆ ರಸ್ತೆಯ ಮ್ಯಾನ್‌ಹೋಲ್ ತುಂಬಿದರೆ ಕೊಳಚೆ ನಿಮ್ಮ ಕೋಣೆಯಲ್ಲೇ ಮೇಲೆ ಬರುತ್ತದೆ. ಅದನ್ನು ಮುಚ್ಚಿಸಿ, 2x2x2 ಅಡಿಯ ಪಿಟ್ ತೆಗೆಸಿ. ಅದರೊಳಗೆ ಫ್ಲೋಟ್ ಸ್ವಿಚ್ ಇರುವ ಸಬ್‌ಮರ್ಸಿಬಲ್ ಪಂಪ್, ಪೈಪಿಗೆ ನೀರು ಹಿಂದೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಪೈಪನ್ನು ರಸ್ತೆ ಮಟ್ಟಕ್ಕಿಂತ ಮೇಲೆ ಏರಿಸಿ ನಂತರ ಒಳಚರಂಡಿಯ ಚೇಂಬರಿಗೆ. ನೆಲದ ಇಳಿಜಾರು ಪಿಟ್ ಕಡೆಗೆ. ನೀರು ಎಲ್ಲಿಗೆ ಹೋಗಬೇಕು ಎಂಬುದು ತೀರ್ಮಾನವಾಗುವವರೆಗೆ ಟ್ಯಾಂಕಿಗೆ ಅಡ್ವಾನ್ಸ್ ಕೊಡಬೇಡಿ.

ಸಹ್ಯಾದ್ರಿ_ಟ್ಯಾಂಕ್ಸ್

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಟ್ಯಾಂಕಿನ ಕಡೆಯಿಂದ ಕೆಲವು ವಿಷಯ.

ಎಂಟಡಿಯ ಸಿದ್ಧ ಟ್ಯಾಂಕ್ ಬೇಸ್‌ಮೆಂಟ್ ಮೆಟ್ಟಿಲಲ್ಲಿ ತಿರುಗುವುದಿಲ್ಲ. ಗಾಜುಗಳನ್ನು ಬಿಡಿಯಾಗಿ ಇಳಿಸಿ ಅಲ್ಲೇ ಅಂಟಿಸಬೇಕು. ಮುಂದಿನ ಗಾಜೊಂದೇ 85 ಕೆಜಿಗೂ ಹೆಚ್ಚು, ಸಕ್ಷನ್ ಕಪ್ ಹಿಡಿದ ನಾಲ್ವರು ಬೇಕು. ಬಾತ್‌ರೂಮಿಗೆ ಬಳಸುವ ಫಂಗಸ್ ನಿರೋಧಕ ಸಿಲಿಕೋನ್ ಮೀನಿಗೆ ವಿಷ, ಅಕ್ವೇರಿಯಂ ಗ್ರೇಡ್‌ನದ್ದೇ ಇರಲಿ. ಅಂಟಿಸಿದ ಮೇಲೆ ಒಂದು ವಾರ ನೀರು ಮುಟ್ಟಿಸಬೇಡಿ.

ಕಬ್ಬಿಣದ ಸ್ಟ್ಯಾಂಡಿಗಿಂತ ಸಾಲಿಡ್ ಬ್ಲಾಕಿನ ಕಟ್ಟೆ, ಮೇಲೆ 20 ಎಂಎಂ ಗ್ರಾನೈಟ್ ಹಾಸು ನನಗೆ ಹೆಚ್ಚು ಇಷ್ಟ. ಗ್ರಾನೈಟ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ತೇವಕ್ಕೆ ತುಕ್ಕು ಹಿಡಿಯುವುದಿಲ್ಲ. ಸಂಪ್ ಒಳಗೆ ಹೊರಗೆ ಎಳೆಯಲು ನಡುವೆ ನಾಲ್ಕೂವರೆ ಅಡಿ ಖಾಲಿ ಬೇಕಲ್ಲ, ಆ ಜಾಗದ ಮೇಲೆ ಆರ್‌ಸಿಸಿ ಲಿಂಟೆಲ್ ಹಾಕಿಸಿ. ಗ್ರಾನೈಟೊಂದೇ ಅಷ್ಟು ಅಗಲಕ್ಕೆ ನಂಬಿಕೆಯದ್ದಲ್ಲ. ಎಂಟಡಿ ಉದ್ದಕ್ಕೆ ಮಟ್ಟದ ವ್ಯತ್ಯಾಸ 2 ಎಂಎಂ ಮೀರಬಾರದು. ಗಾಜಿನ ಕೆಳಗೆ 12 ಎಂಎಂ ಫೋಮ್.

ನೆಲ ಮುಳುಗುವುದು ಹೆಚ್ಚಾಗಿ ಗಾಜು ಒಡೆದಲ್ಲ, ಕರೆಂಟ್ ಹೋದಾಗ. ಪಂಪ್ ನಿಂತ ಕೂಡಲೇ ಓವರ್‌ಫ್ಲೋ (ಹೆಚ್ಚಾದ ನೀರು ಸಂಪಿಗೆ ಇಳಿಯುವ ದಾರಿ) ಅಂಚಿನವರೆಗಿನ ನೀರು ಸಂಪಿಗೆ ಇಳಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಒಂದಿಂಚು ಇಳಿದರೆ 44 ಲೀಟರ್, ಪೈಪಿನದ್ದು ಬೇರೆ. 4x1.5x1.5 ಅಡಿಯ ಸಂಪ್ 255 ಲೀಟರ್ ಹಿಡಿಯುತ್ತದೆ; ಓಡುವಾಗ 150ಕ್ಕಿಂತ ಮೇಲೆ ತುಂಬಬೇಡಿ. ನೀರು ವಾಪಸ್ ಏರುವ ಪೈಪಿನ ಬಾಯಿ ಮುಳುಗಿದ್ದರೆ ಅದೇ ಸೈಫನ್ ಆಗಿ ಎಳೆಯುತ್ತದೆ. ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ಆ ಪೈಪಿಗೆ 6 ಎಂಎಂ ತೂತು ಹಾಕಿ, ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ಚುಚ್ಚಿ. ಚೆಕ್ ವಾಲ್ವ್ (ನಾನ್ ರಿಟರ್ನ್ ವಾಲ್ವ್) ಒಂದನ್ನೇ ನಂಬಬೇಡಿ. ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಆವಿಯಾದ ನೀರು ತುಂಬಿಸಲೆಂದು ಓವರ್‌ಹೆಡ್ ಟ್ಯಾಂಕಿನ ಲೈನನ್ನು ಫ್ಲೋಟ್ ವಾಲ್ವ್ ಮೂಲಕ ನೇರ ಸಂಪಿಗೆ ಕೊಡಬೇಡಿ. ವಾಲ್ವ್ ಸಿಕ್ಕಿಕೊಂಡರೆ ಮೇಲಿನ ಟ್ಯಾಂಕ್ ಪೂರ್ತಿ ಕೆಳಗಿಳಿಯುತ್ತದೆ. 50 ಲೀಟರಿನ ಕ್ಯಾನಿನಿಂದ ಕೊಡಿ.

ಮುಚ್ಚಳವಿಲ್ಲದಿದ್ದರೆ ದಿನಕ್ಕೆ 8–10 ಲೀಟರ್ ಆವಿಯಾಗುತ್ತದೆ. ಬೇಸಿಗೆಗೆ 8 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು, ಎದುರು ಗೋಡೆಯಲ್ಲಿ ಗಾಳಿ ಬರುವ ದಾರಿ ಇರಬೇಕು. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ, ಆಗ ಗಾಜಿನ ಮುಚ್ಚಳ ಮತ್ತು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಬೇಕಾಗುತ್ತದೆ. ಬೇಸ್‌ಮೆಂಟಿನ ತಂಪು ಮಿಸ್ ಕೇರಳಕ್ಕೆ ಹೇಳಿ ಮಾಡಿಸಿದ್ದು. ಇದು ಕಾಡಿನ ಹೊಳೆಗಳಲ್ಲಿ ಕಡಿಮೆಯಾಗುತ್ತಿರುವ ಮೀನು, ದಯವಿಟ್ಟು ಹ್ಯಾಚರಿಯಲ್ಲಿ ಬೆಳೆದ ಮರಿಗಳನ್ನೇ ತನ್ನಿ.

ವೈರಿಂಗ್_ಅಣ್ಣ

ಕರೆಂಟ್ ಬಗ್ಗೆ ಇಷ್ಟು. ಈ ಕೋಣೆಗೆ ಬೇರೆ ಲೈನ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಲೈನ್ ಕಡಿಯುವ ಸ್ವಿಚ್) ಕಡ್ಡಾಯ. ಆದರೆ ಒಂದೇ ಆರ್‌ಸಿಸಿಬಿ ಹಾಕಿದರೆ ಒಂದು ಹೀಟರ್ ಲೀಕ್ ಆದರೂ ಎಲ್ಲ ಪಂಪೂ ನಿಲ್ಲುತ್ತದೆ. ಎರಡು ಮಾಡಿ: ಒಂದಕ್ಕೆ ಮೇನ್ ಪಂಪ್, ಇನ್ನೊಂದಕ್ಕೆ ಏರ್ ಪಂಪ್, ವೇವ್‌ಮೇಕರ್ (ಟ್ಯಾಂಕಿನೊಳಗೆ ಹರಿವು ಎಬ್ಬಿಸುವ ಪಂಪ್). ಪಿಟ್ ಪಂಪಿಗೆ ಮೂರನೆಯದು, ಅದು ಇನ್ವರ್ಟರ್ ಮೇಲಿರಲಿ; ಅದು ಎಳೆಯುವ ವ್ಯಾಟ್ ನೋಡಿ ಇನ್ವರ್ಟರ್ ಆರಿಸಿ. ಸಾಕೆಟ್ ನೆಲದಿಂದ 4 ಅಡಿ ಮೇಲೆ, ಟ್ಯಾಂಕಿನ ನೇರ ಕೆಳಗೆ ಬೇಡ. ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಿ ಸಾಕೆಟ್ ಸೇರಲಿ, ಹನಿ ಅಲ್ಲೇ ಕೆಳಗೆ ಬೀಳುತ್ತದೆ. 150 ಎಎಚ್ ಬ್ಯಾಟರಿಗೆ ಟ್ಯಾಂಕಿನ 60 ವ್ಯಾಟಿನ ಪಂಪ್ ಒಂದೇ ಆದರೆ ಕನಿಷ್ಠ 8–9 ಗಂಟೆ ಬರುತ್ತದೆ. ಬೇಸ್‌ಮೆಂಟ್ ಒಳಗೆ ಜನರೇಟರ್ ಯಾವ ಕಾರಣಕ್ಕೂ ಬೇಡ.

ಹೊಳೆಮೀನು_ಬೆಂಗಳೂರು

ತುಂಬಾ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಗಿಡಗಳಿಗೆ 5 ಕೆಜಿಯ ಸಿಒ2 ಸಿಲಿಂಡರ್ ಅಲ್ಲೇ ಇಡಬಹುದೇ? ಈ ತಿಂಗಳೇ ಗೆದ್ದಲಿಗೆ ಔಷಧಿ ಹೊಡೆಸುವುದಿದೆ, ಮೀನು ಬಿಟ್ಟ ಮೇಲೆ ಮಾಡಿಸಿದರೆ ಆಗುತ್ತದೆಯೇ?

ಸಹ್ಯಾದ್ರಿ_ಟ್ಯಾಂಕ್ಸ್

ಸಿಲಿಂಡರ್ ಕೆಳಗೆ ಬೇಡ. 5 ಕೆಜಿ ಪೂರ್ತಿ ಸೋರಿದರೆ ಸುಮಾರು 2.8 ಘನ ಮೀಟರ್ ಗ್ಯಾಸ್. ನಿಮ್ಮ ಕೋಣೆ 46 ಘನ ಮೀಟರ್, ಅಂದರೆ ಗಾಳಿಯಲ್ಲಿ ಶೇ. 6ರಷ್ಟು. ಶೇ. 4 ದಾಟಿದರೇ ಜೀವಕ್ಕೆ ಅಪಾಯ. ಗಾಳಿಗಿಂತ ಭಾರವಾದ್ದರಿಂದ ನೆಲದ ಹತ್ತಿರ ಇನ್ನೂ ದಟ್ಟವಾಗಿ ನಿಲ್ಲುತ್ತದೆ. ಸಿಲಿಂಡರನ್ನು ಹೊರಗೆ, ಮೇಲೆ, ನೆರಳಲ್ಲಿ ಇಟ್ಟು ಟ್ಯೂಬ್ ಮಾತ್ರ ಇಳಿಸಿ. ಹೊಳೆಗಲ್ಲಿನ ಟ್ಯಾಂಕಿಗೆ ಜಾವಾ ಫರ್ನ್, ಅನುಬಿಯಾಸ್ ಸಾಕು, ಅವಕ್ಕೆ ಸಿಒ2 ಬೇಕೇ ಇಲ್ಲ.

ಗೆದ್ದಲಿನ ಔಷಧಿ, ಎಪಾಕ್ಸಿ, ಪೇಂಟ್ ಎಲ್ಲವೂ ನೀರು ತುಂಬುವ ಮೊದಲೇ ಮುಗಿಯಬೇಕು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಕೊಡುತ್ತದೆ, ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಅತ್ಯಲ್ಪ ಸೇರಿದರೂ ಮೀನು ಸಾಯುತ್ತದೆ. ಸೊಳ್ಳೆ ಲಿಕ್ವಿಡ್‌ನಲ್ಲಿ ಇರುವುದೂ ಇದೇ ಜಾತಿಯದ್ದು. ಏರ್ ಪಂಪನ್ನು ಮೆಟ್ಟಿಲ ಮೇಲಿನ ತೆರೆದ ಜಾಗದಲ್ಲಿಟ್ಟು ಅಲ್ಲಿಂದ ಟ್ಯೂಬ್ ಎಳೆಯಿರಿ, ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ಕರೆಂಟ್ ಹೋದಾಗ ನೀರು ಪಂಪಿಗೆ ಹಿಂದಿರುಗುವ ಭಯವೂ ಇರುವುದಿಲ್ಲ.